ಮೊದಲ ತುತ್ತು ಹೆಂಡತಿಗೆ

ಈ ನಗರದಲ್ಲಿ ಒಳ್ಳೆಯ ಸುಶಿ ಎಲ್ಲಿ ಸಿಗುತ್ತದೆ ಎಂದು ಬಾಯ್ತಪ್ಪಿ ಕೇಳಿದಿರೋ, ನಮ್ಮ ಸುಶಿ ಪಂಡಿತರ ಕೈಯಲ್ಲಿ ನಿಮ್ಮ ಸಂಜೆ ಕೆಟ್ಟಿತೆಂದೇ ಲೆಕ್ಕ. ಹೊಟ್ಟೆಪಾಡಿಗೆ ವಿಮಾ ಕಚೇರಿಯ ಗುಮಾಸ್ತರಾದರೂ ಹೋಟೆಲು ಹೊಕ್ಕೊಡನೆ ಸಮುದ್ರವೇ ಅವರಪ್ಪನ ಆಸ್ತಿ. "ಅನ್ನದ ಕಡೆ ಅದ್ದಬಾರದು ಕಣ್ರೀ, ಮೀನಿನ ಕಡೆ ಅದ್ದಿ!" ಎಂದು ಸೋಯಾ ಸಾಸಿನ ಬಟ್ಟಲು ಹಿಡಿದ ಅಪರಿಚಿತರನ್ನೂ ಗದರುತ್ತಾರೆ. ಅನ್ನದ ಮೇಲಿಟ್ಟ ಹಸಿಮೀನಿನ ತುಂಡುಗಳ ಹೊಳಪು ನೋಡಿ, ಮೂಸಿ, ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಾರೆ. ಅವರು ಕಣ್ತೆರೆಯುವಷ್ಟರಲ್ಲಿ ಜೊತೆಯವರ ಹಸಿವು ಸತ್ತಿರುತ್ತದೆ. ಮೊದಲ ತುತ್ತು ಮಾತ್ರ ಹೆಂಡತಿಗೇ. "ಭಾವಂಗೆ ಅಕ್ಕನ ಮೇಲೆ ಎಷ್ಟು ಪ್ರೀತಿ!" ಎಂದು ನಾದಿನಿ ಕರಗುತ್ತಾಳೆ. ಪ್ರೀತಿಯಂತೆ ಪ್ರೀತಿ! ಎಂದು ಹೆಂಡತಿ ಮನಸ್ಸಿನಲ್ಲೇ ಮೂತಿ ತಿರುವುತ್ತಾಳೆ. ಹೋದ ವರ್ಷದ ಜ್ವರದಲ್ಲಿ ಪಂಡಿತರಿಗೆ ರುಚಿ, ವಾಸನೆ ಎರಡೂ ಹೋದದ್ದು ಆಕೆಯೊಬ್ಬಳಿಗೇ ಗೊತ್ತು. ಆಕೆ ಹುಬ್ಬೇರಿಸಿದರೆ "ಅಮೋಘ", ಮೂಗು ಮುರಿದರೆ "ದಂಡ". ನಗರದ ಅತ್ಯುತ್ತಮ ಸುಶಿ ಹೋಟೆಲುಗಳ ತೀರ್ಪೆಲ್ಲ ಅವಳ ಮುಖದಿಂದ ಕದ್ದದ್ದು. ಮೊನ್ನೆ ಆಕೆ ಕೈ ತೊಳೆದು ಬರುವಷ್ಟರಲ್ಲಿ ತಡೆಯಲಾರದೆ ಒಂದು ತುಂಡು ನುಂಗಿ, "ಇಡೀ ಊರಲ್ಲಿ ಇದಕ್ಕೆ ಸಾಟಿಯಿಲ್ಲ" ಎಂದು ಘೋಷಿಸಿಬಿಟ್ಟಿದ್ದರು. ಆಕೆ ಬಂದು ಬಾಯಿಗಿಟ್ಟಳು, ಮೀನು ಕೆಟ್ಟಿತ್ತು. ಅವಳು ಮೂಗು ಮುರಿದದ್ದು ಕಂಡು ಪಂಡಿತರ ಮುಖ ಬಿಳಿಚಿಕೊಂಡಿತು. "ಒಳ್ಳೇ ತುಂಡು ಒಂದೇ ಇತ್ತು, ಅದನ್ನೂ ಇವ್ರೇ ತಿಂದ್ಬಿಟ್ರು ನೋಡಿ" ಎಂದು ಆಕೆ ತಟ್ಟೆಯನ್ನು ಬಡಿಸುವವನಿಗೆ ಹಿಂತಿರುಗಿಸಿದಳು. ಹೊಸ ತಟ್ಟೆ ಬಂದಾಗ ಪಂಡಿತರು ಮೊದಲ ತುತ್ತನ್ನು ಆಕೆಯತ್ತ ಚಾಚಿದರು.