ಸೋಮವಾರ ಕೆಡದ ಫೋನು

ನಾನು ಟೆಲಿಫೋನ್ ಲೈನ್‌ಮನ್ ಆಗಿದ್ದಾಗ ಕುರುಗೋಡು ಕಡೆಗೆ ನನ್ನ ಸರದಿ ಬರುತ್ತಿದ್ದುದು ಸೋಮವಾರ. ಬಾದನಹಟ್ಟಿ ಹತ್ತಿರದ ಒಂದು ಅಕ್ಕಿ ಗಿರಣಿಯಿಂದ ವಾರವಿಡೀ ದೂರು: ಮಾತಿನ ಮಧ್ಯೆ ಫೋನು ಸಾಯುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಬದುಕುತ್ತದೆ. ನಾನು ಹೋದ ದಿನ ಮಾತ್ರ ಗಂಟೆ ಹೊಡೆದಂತೆ ಸ್ಪಷ್ಟ. ಮೂರು ಸಲ ‘ದೋಷವಿಲ್ಲ’ ಎಂದು ಬರೆದು ಬಂದೆ.

ನಾಲ್ಕನೇ ಸಲ ಗಿರಣಿ ಸಾವುಕಾರರು ನನ್ನೆದುರೇ ಬಳ್ಳಾರಿಗೆ ಮಾತಾಡಿ ರಿಸೀವರ್ ಇಟ್ಟರು. “ನಿನ್ನ ಕಂಡ್ರ ಇದಕ್ಕ ಅಂಜಿಕಿ. ನೀನು ಇಲ್ಲೇ ಇದ್ದುಬಿಡು.”

ಮುಖ ಸಣ್ಣದು ಮಾಡಿಕೊಂಡು ಹೊರಬಂದೆ. ಕಟ್ಟೆಯ ಮೇಲೆ ಕೂತಿದ್ದ ವಯಸ್ಸಾದ ರೈತನೊಬ್ಬ ನಕ್ಕ.

“ಇವತ್ತು ಬಂದ್ರ ಏನ್ ಸಿಗತೈತಿ ತಮ್ಮಾ? ಸೋಮವಾರ ನಾವು ಎತ್ತು ಹೂಡಂಗಿಲ್ಲ.”

“ಎತ್ತಿಗೂ ಫೋನಿಗೂ ಏನ್ ಸಂಬಂಧ ಯಜ್ಜಾ?”

ಅಜ್ಜ ಬಂಡಿದಾರಿಯ ಕಡೆ ಕೈ ತೋರಿಸಿದ. ಅಲ್ಲಿ ದಾರಿಗೆ ಅಡ್ಡಲಾಗಿ ಹಾದ ಫೋನಿನ ಎರಡು ತಂತಿಗಳಲ್ಲಿ ಕೆಳಗಿನದು ಜೋತುಬಿದ್ದಿತ್ತು. ನಾನು ಸೈಕಲ್ ಮೇಲೆ ತಲೆ ಎತ್ತದೆ ಅದರಡಿಯೇ ಓಡಾಡಿದ್ದೆ.

“ಹುಲ್ಲಿನ ಬಂಡಿಗೆ ಕೆಳಗಿನ ತಂತಿ ಅಡ್ಡ ಬರತೈತಿ. ಬಂಡಿ ದಾಟೋತನಕ ಅದನ್ನ ಬಡಿಗಿಲೆ ಎತ್ತಿ ಮ್ಯಾಲಿನ ತಂತಿಗೆ ಹತ್ತಿಸಿ ಹಿಡೀತೀವಿ. ಸರಕಾರದ ತಂತಿ, ಹರೀಬಾರದಲ್ಲ!”

ಎರಡು ತಂತಿ ಒಂದಕ್ಕೊಂದು ಮುಟ್ಟಿದರೆ ಫೋನು ಸಾಯದೆ ಇನ್ನೇನಾಗುತ್ತದೆ? ಅವರ ಮರ್ಯಾದೆಯೇ ನಮ್ಮ ರೋಗವಾಗಿತ್ತು.

ತಂತಿ ಬಿಗಿದು ಬಳ್ಳಾರಿಗೆ ಮರಳಿ, ಇನ್ನು ಮೇಲೆ ನನಗೆ ಮಂಗಳವಾರದ ಸರದಿ ಹಾಕಿ, ಸೋಮವಾರ ರಜೆ ಕೊಡಿ ಎಂದು ಸಾಹೇಬರನ್ನು ಕೇಳಿದೆ.

“ನೀನೇನು ಎತ್ತೇನಲೇ?” ಎಂದರು.

“ಎತ್ತಾಗಿದ್ರ ಕೇಳೋದ ಬೇಕಾಗಿರಲಿಲ್ರಿ ಸಾಹೇಬ್ರ.”