ಯಾತಿಯ ಮೊಳೆ

ಮೆಲಾಕಾ ಬಸ್ ನಿಲ್ದಾಣದ ಎದುರು ತಮಿಳರ ಹೋಟೆಲಿನಲ್ಲಿ ಅಡುಗೆ ಮಾಡುವ ಯಾತಿ ಇಂಡೋನೇಷ್ಯಾದವಳು. ಸರ್ವಾಧಿಕಾರಿ ಇಳಿದ ಮೇಲೆ ಅವಳ ದೇಶದಲ್ಲಿ ಇದು ಮೊದಲ ಚುನಾವಣೆ. ಕೌಲಾಲಂಪುರದ ರಾಯಭಾರ ಕಚೇರಿಯಲ್ಲಿ ಓಟು ಹಾಕಲು ಸಂಬಳ ಬಿಟ್ಟು ನಾಳೆ ರಜೆ ಹಾಕಿದ್ದಾಳೆ. ಪ್ರವಾಸಕ್ಕೆ ಬಂದು ಊಟಕ್ಕೆ ಕೂತಿದ್ದ ನನ್ನ ಮೇಜಿನ ಮೇಲೆಯೇ ಮಾದರಿ ಮತಪತ್ರ ಹರಡಿದಳು. ಊಟದೆಲೆಯಷ್ಟು ದೊಡ್ಡದು, ತುಂಬ ಪಕ್ಷಗಳ ಗುರುತು. ಅವರಲ್ಲಿ ಮುದ್ರೆ ಒತ್ತುವುದಿಲ್ಲ, ಮೊಳೆಯಿಂದ ಚುಚ್ಚುತ್ತಾರೆ.

“ಮೊದಲು ಮೂರೇ ಪಕ್ಷ ಇದ್ದವು ಅಣ್ಣೇ. ಯಾವುದಕ್ಕೆ ಚುಚ್ಚಬೇಕೂಂತ ಊರ ಮುಖಂಡನೇ ಹೇಳ್ತಿದ್ದ,” ಎಂದಳು. ಹೋಟೆಲಿನ ತಮಿಳು ಅವಳಿಗೆ ಬರುತ್ತದೆ, ನಮ್ಮೂರ ಪೇಟೆಯಲ್ಲಿ ಕಲಿತ ತಮಿಳು ನನಗೆ.

ಅವಳ ಸಡಗರ ನನಗೆ ಸಹಿಸಲಾಗಲಿಲ್ಲ. “ಸಣ್ಣ ಪಕ್ಷಕ್ಕೆ ಹಾಕಬೇಡಮ್ಮ. ಅಂಗಡಿ ಜಾಸ್ತಿ ಆದ್ರೆ ಯಾರಿಗೂ ವ್ಯಾಪಾರ ಇಲ್ಲ. ನಮ್ಮ ದೇಶದಲ್ಲಿ ಹತ್ತಾರು ಪಕ್ಷ ಸೇರಿ ಸರ್ಕಾರ ಮಾಡ್ತವೆ, ನೋಡ್ತಾ ನೋಡ್ತಾ ಬೀಳುತ್ತೆ.”

“ಬಿದ್ರೆ ನಿಮಗೆ ಮತ್ತೆ ಓಟು ಕೊಡ್ತಾರಾ?”

“ಕೊಡದೆ? ಹಾಕಿ ಹಾಕಿ ಸಾಕಾಗಿದೆ.”

“ಹಾಗಾದ್ರೆ ಬೀಳಲಿ ಬಿಡಿ.”

ಯಾವುದಕ್ಕೆ ಚುಚ್ಚುತ್ತೀ ಎಂದು ಕೇಳಿದೆ. “ಗಂಡನಿಗೇ ಹೇಳಿಲ್ಲ,” ಎಂದು ನಕ್ಕು ಹಾಳೆ ಮಡಚಿದಳು. ನನಗೆ ಇನ್ನಷ್ಟು ಹೊಟ್ಟೆ ಉರಿಯಿತು. ಊರಲ್ಲಿ ಕಳೆದ ಚುನಾವಣೆಗೆ ಮತಗಟ್ಟೆ ನನ್ನ ಅಂಗಡಿಯ ಎದುರಿಗೇ ಇತ್ತು. ಸಾಲು ಉದ್ದವಿದೆಯೆಂದು ನಾನು ಹೋಗಲೇ ಇಲ್ಲ.