ಎರಡನೇ ಸಾಲಿನ ಬೀಜ

ದೊಡ್ಡಮ್ಮನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಗಳು ಸವೆದು ನುಣ್ಣಗಾಗಿದ್ದವು. ನ್ಯಾಯಬೆಲೆ ಅಂಗಡಿಗೆ ಬೆರಳಚ್ಚಿನ ಯಂತ್ರ ಬಂದ ಮೇಲೆ ಅದು ಆ ಬೆರಳುಗಳನ್ನು ಒಪ್ಪಲೇ ಇಲ್ಲ. ಅವರು ಎಡಗೈ ಒತ್ತಿ ಅಕ್ಕಿ ತರುತ್ತಿದ್ದರು.

ಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಚಿಕ್ಕಮಗಳೂರಿನಲ್ಲಿ ನಮ್ಮ ಪಕ್ಕದ ಮನೆಯವರು, ಅಷ್ಟೆ. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ರಾಶಿಯ ಮುಂದೆ ಕೂತು ಕರಿ ಬೀಜ, ಚೂರು ಬೀಜ, ಹುಳ ಕೊರೆದ ಬೀಜಗಳನ್ನು ಆರಿಸಿ ತೆಗೆಯುವ ಹೆಂಗಸರ ಸಾಲಿನಲ್ಲಿ ಮೂವತ್ತು ವರ್ಷ ಕೂತಿದ್ದರು. ಚೀಲ ಬಿಚ್ಚಿದ ಕೂಡಲೇ ಮೂಸಿ, ಇದು ಒಣಗಿಸುವಾಗ ಮಳೆಗೆ ಸಿಕ್ಕಿದ ಕಾಫಿ ಎಂದು ಹೇಳಿಬಿಡುತ್ತಿದ್ದರು. ಆ ಬೆರಳುಗಳಿಗೆ ಮನೆಯಲ್ಲೂ ಬಿಡುವಿರಲಿಲ್ಲ. ಮದುವೆಗೆ ಹೋದರೆ ಕೈಗೆ ಕೊಟ್ಟ ಅಕ್ಷತೆಯಲ್ಲಿ ನುಚ್ಚು ಆರಿಸುತ್ತಾ ಕೂರುತ್ತಿದ್ದರು. ಎಷ್ಟೋ ಸಲ ತಾಳಿ ಕಟ್ಟಿ ಮುಗಿದರೂ ಅವರ ಅಕ್ಷತೆ ಅಂಗೈಯಲ್ಲೇ ಉಳಿದಿರುತ್ತಿತ್ತು. ನಾವು ನಕ್ಕರೆ, "ನುಚ್ಚು ಹಾಕಿ ಹರ್ಸೋಕಾಗುತ್ತಾ ಮಾರಾಯ್ತಿ?" ಎನ್ನುತ್ತಿದ್ದರು.

ಎಂ.ಎಸ್ಸಿ. ಕೊನೆಯ ವರ್ಷ ನಾನು ಆರಿಸಿಕೊಂಡ ಸಂಶೋಧನೆ ಅವರ ಕೆಲಸದ ಮೇಲೆಯೇ. ಕೈಯಿಂದ ಆರಿಸಿದ ಕಾಫಿಯಲ್ಲಿ ಎಷ್ಟು ಕೆಟ್ಟ ಬೀಜ ಉಳಿಯುತ್ತದೆ, ಹೊಸದಾಗಿ ಬಂದಿದ್ದ ಮೆಷಿನ್ ಆರಿಸಿದ್ದರಲ್ಲಿ ಎಷ್ಟು ಉಳಿಯುತ್ತದೆ ಎಂದು ಎಣಿಸುವುದು. ಒಳಗೆ ಬಿಡಲು ಅವರೇ ಮೇಸ್ತ್ರಿಯನ್ನು ಕೇಳಿದರು. "ನಮ್ಮ ಹುಡ್ಗಿ, ದೊಡ್ಡ ಓದು ಓದ್ತಾ ಇದಾಳೆ, ಬಿಡಿ" ಎಂದರು. ತಮ್ಮ ಪಕ್ಕದಲ್ಲೇ ನನಗೊಂದು ಗೋಣಿ ಹಾಸಿ, ಬೀಜ ನೋಡುವುದನ್ನು ಕಲಿಸಲು ಹೊರಟರು. ನಾನು ಬೀಜವನ್ನು ಮೇಲಿಂದ ನೋಡಿ ಪಕ್ಕಕ್ಕಿಟ್ಟರೆ, "ಹೊರಳ್ಸಿ ನೋಡೇ" ಎಂದು ಮೊಣಕೈಯಿಂದ ತಿವಿಯುತ್ತಿದ್ದರು. ನನಗೋ ಅವಸರ. ಎರಡು ದಿನ ಕೂತು ಎದ್ದೆ.

ದೊಡ್ಡಮ್ಮ ಆರಿಸಿದ ಸ್ಯಾಂಪಲ್ಲಿನಲ್ಲಿ ಉಳಿದ ಕೆಟ್ಟ ಬೀಜಗಳನ್ನು ಮೇಸ್ತ್ರಿ ಎಣಿಸಿ ಕೊಟ್ಟರು. ಮೆಷಿನ್ನಿನದನ್ನು ನಾನೇ ಎಣಿಸಿದೆ. ಒಂದೂ ಸಿಗಲಿಲ್ಲ. ಖುಷಿಯಿಂದ ಅದರ ಫೋಟೋ ತೆಗೆದು, ಸ್ಲೈಡುಗಳನ್ನು ಮಾಡಲು ಕೂತೆ. ಅಕ್ಷರದ ಬಣ್ಣ ಬದಲಿಸುವುದರಲ್ಲೇ ಒಂದು ವಾರ ಕಳೆದೆ.

ಸೆಮಿನಾರಿಗೆ ಮೂರು ದಿನ ಇರುವಾಗ, ಭಾನುವಾರ ಮಧ್ಯಾಹ್ನ, ಅವರ ಮನೆಯ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಮ್ಮೆ ಎಲ್ಲವನ್ನೂ ಹೇಳಿ ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ಎಣಿಕೆಯನ್ನು ಕಂಬವಾಗಿ ತೋರಿಸುವ ಸ್ಲೈಡ್ ಬಂದಾಗ, "ಈ ಉದ್ದದ್ದು ಯಾರ್ದು?" ಎಂದರು.

"ನಿಮ್ದು ದೊಡ್ಡಮ್ಮ. ಆರ್ಸಿದ್ರಲ್ಲಿ ಉಳ್ಕೊಂಡ ಕೆಟ್ಟ ಬೀಜ."

"ಮೆಷಿನ್ದು ಎಲ್ಲಿ?"

"ಅದ್ರಲ್ಲಿ ಏನೂ ಉಳ್ದಿಲ್ಲ. ಅದಕ್ಕೇ ಕಂಬ ಇಲ್ಲ."

"ಇದನ್ನ ನೋಡಿ ನಮ್ಮನ್ನ ತೆಗೀತಾರಾ?" ಎಂದು ಕೇಳಿದರು. ಇಲ್ಲ, ಇದು ಬರೀ ಕಾಲೇಜಿಗೆ ಎಂದೆ. ಮುಂದಿನ ಸ್ಲೈಡಿನಲ್ಲಿ ಮೆಷಿನ್ ಆರಿಸಿದ ಬೀಜಗಳ ಫೋಟೋ ಇತ್ತು. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಇದನ್ನ ಹೊರಳ್ಸೋಕೆ ಬರಲ್ವಾ?" ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಸವೆದ ತೋರುಬೆರಳು ಪರದೆಯ ಮೇಲೆ ಬಂದು ನಿಂತಿತು.

"ಎರಡನೇ ಸಾಲು ನೋಡು. ತೂತು ಬಿದ್ದಿದೆ."

ದೊಡ್ಡದು ಮಾಡಿ ನೋಡಿದೆ. ಸೂಜಿ ಚುಚ್ಚಿದಷ್ಟು ಸಣ್ಣ ತೂತು. ಹುಳ ಕೊರೆದ ಬೀಜ. ಮೆಷಿನ್ ಬಿಟ್ಟಿತ್ತು, ನಾನೂ ಬಿಟ್ಟಿದ್ದೆ. ಕಣ್ಣೆದುರಿನ ಫೋಟೋದಲ್ಲೇ ಬಿಟ್ಟವಳು ಇಡೀ ಸ್ಯಾಂಪಲ್ಲಿನಲ್ಲಿ ಇನ್ನೆಷ್ಟು ಬಿಟ್ಟಿರಬಹುದು? ನನ್ನ ಮುಖ ಹೇಗಾಗಿತ್ತೋ ಏನೋ. ದೊಡ್ಡಮ್ಮ ಮತ್ತೊಮ್ಮೆ ಪರದೆ ನೋಡಿದರು, ನನ್ನನ್ನು ನೋಡಿದರು. "ಸಾಕು ಬಿಡು. ಕಡುಬು ತಣ್ಣಗಾಗುತ್ತೆ, ಏಳು" ಎಂದು ಒಳಗೆ ಹೋದರು.

ಮರುದಿನ ಗೈಡ್ ಹತ್ತಿರ ಹೇಳಿದೆ. ಸ್ಯಾಂಪಲ್ ಇದೆಯಾ ಎಂದು ಕೇಳಿದರು. ಕ್ಯೂರಿಂಗ್ ವರ್ಕ್ಸಿನಲ್ಲಿ ಅದನ್ನು ಆಗಲೇ ರಾಶಿಗೆ ಸೇರಿಸಿಬಿಟ್ಟಿದ್ದರು. "ಹಾಗಾದ್ರೆ ಫೋಟೋ ಬದ್ಲಾಯ್ಸಮ್ಮ. ನಾಡಿದ್ದು ಸೆಮಿನಾರು" ಎಂದರು. ಎಣಿಕೆ ನಂಬುವಂಥದ್ದಲ್ಲ ಎಂದು ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ಬೇರೆ ಫೋಟೋ ಹಾಕಿದೆ. ಎರಡು ವರ್ಷದ ಓದು ಒಂದು ಬೀಜಕ್ಕೆ ಹಾಳಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ.

ಸೆಮಿನಾರಿಗೆ ದೊಡ್ಡಮ್ಮ ರೇಷ್ಮೆ ಸೀರೆ ಉಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವರ ಕಂಬ ಪರದೆಯ ಮೇಲೆ ಎದ್ದು ನಿಂತಾಗ ನಾನು ಆ ಕಡೆ ನೋಡಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೊರಗೆ ಬಂದಾಗ ಅವರು ನನ್ನ ಕೈ ಹಿಡಿದುಕೊಂಡು, "ಆ ತೂತಿನ ಬೀಜ ತೆಗ್ದುಬಿಟ್ಯಲ್ಲ. ಒಳ್ಳೇದಾಯ್ತು" ಎಂದರು.

"ಹೂಂ ದೊಡ್ಡಮ್ಮ" ಎಂದೆ.

ಮರುವರ್ಷ ಇನ್ನೊಂದು ಮೆಷಿನ್ ಬಂತು. ಆರಿಸುವ ಹೆಂಗಸರಲ್ಲಿ ಅರ್ಧ ಜನರನ್ನು ಸೀಸನ್ನಿಗೆ ಕರೆಯಲಿಲ್ಲ. ದೊಡ್ಡಮ್ಮನನ್ನೂ ಕರೆಯಲಿಲ್ಲ. ಅದು ನನ್ನ ಸ್ಲೈಡಿನಿಂದ ಆದದ್ದಲ್ಲ, ನನಗೆ ಗೊತ್ತು. ಗೊತ್ತಿದ್ದೂ ಬಹಳ ದಿನ ಅವರ ಮನೆಯ ಮೆಟ್ಟಿಲು ಹತ್ತಲು ಆಗಲಿಲ್ಲ. ಹತ್ತಿದ ದಿನ ಅವರು ನಮ್ಮ ಮನೆಗೆಂದೇ ಮೊರದಲ್ಲಿ ಉದ್ದಿನಬೇಳೆ ಆರಿಸುತ್ತಿದ್ದರು.

ಹೋದ ಮಾಗಿಯಲ್ಲಿ ತೀರಿಕೊಂಡರು. ಮಣ್ಣು ಮುಗಿಸಿ ಬಂದ ಮೇಲೆ ಸುಮ್ಮನೆ ಕೂರಲಾಗದೆ ಆ ಹಳೆಯ ಫೋಟೋ ಹುಡುಕಿ ತೆಗೆದೆ. ಈಗ ನಾನು ಇಂಥದ್ದೇ ಪಾಠ ಮಾಡುತ್ತೇನೆ. ಬೀಜ ನೋಡುವುದನ್ನು ತಡವಾಗಿಯಾದರೂ ಕಲಿತಿದ್ದೇನೆ. ಎರಡನೇ ಸಾಲಿನ ಆ ಬೀಜ ಅಲ್ಲೇ ಇತ್ತು. ನಾಲ್ಕನೇ ಸಾಲಿನಲ್ಲಿ ಇನ್ನೊಂದು ಇತ್ತು. ಅಂಚಿನಲ್ಲಿ ಮತ್ತೆರಡು.

ಅವರ ಕಣ್ಣಿಗೆ ಅವು ಬೀಳದೇ ಇರಲು ಸಾಧ್ಯವೇ ಇರಲಿಲ್ಲ. ನನ್ನ ಮುಖ ನೋಡಿ, ಕಡುಬು ತಣ್ಣಗಾಗುತ್ತೆ ಎಂದು ಎದ್ದುಹೋಗಿದ್ದರು.